ಮೂರನೆಯ ಕೂಗು

ಐಶ್ವರ್ಯ ಮಾಡಿದ ದೆವ್ವದ ಆಟದಲ್ಲಿ ಅವಳ ಕಾಲೇಜಿನವರು ಯಾರೂ ಗೆದ್ದಿರಲಿಲ್ಲ. ನಾನು ಮೊದಲ ಸಲಕ್ಕೇ ಗೆದ್ದೆ.

ಆ ಭಾನುವಾರ ಹುಕ್ಕೇರಿಯಿಂದ ಗೋಕಾಕದ ತಮ್ಮನ ಮನೆಗೆ ಬಂದಿದ್ದೆ. ಅಪ್ಪ ಈಗ ಅಲ್ಲಿಯೇ ಇರುತ್ತಾನೆ. ತಮ್ಮ ಗುರುಪಾದ ಕೆಲಸದ ಮೇಲೆ ಮೂಡಲಗಿಗೆ ಹೋಗಿದ್ದ. ಊಟವಾದ ಮೇಲೆ ಅವನ ಮಗಳು ಐಶ್ವರ್ಯ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ತಂದಳು. ಒಳಗೆ ಎರಡು ಮಸೂರ, ಮುಂದೆ ಫೋನು ಸಿಕ್ಕಿಸುವ ಗೂಡು. ತಲೆಗೆ ಬಿಗಿಯುವ ಪಟ್ಟಿ ಎಂದೋ ಹರಿದುಹೋಗಿ ಲಂಗದ ಲಾಡಿ ಅದರ ಕೆಲಸ ಮಾಡುತ್ತಿತ್ತು.

"ಅತ್ತಿ, ನೀವು ಜಿರಳಿಗೂ ಅಂಜತೀರಿ. ನಿಮ್ಮನ್ನ ಅಂಜಸಾಕ ಆಗಲಿಲ್ಲಂದ್ರ ನನ್ನ ಆಟ ಫೇಲ್."

"ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಘಟಪ್ರಭಾದಾಗ ಬಸ್ ಇಳದಾಕಿ ಆಕಿ," ಎಂದ ಅಪ್ಪ, ಅಡಿಕೆ ಕತ್ತರಿಸುತ್ತ.

ಆಟ ನನ್ನ ಅಜ್ಜಿ ಕಾಶೆವ್ವನ ಮಾತಿನಿಂದ ಹುಟ್ಟಿದ್ದು. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ತಕ್ಷಣ ಓ ಎನ್ನಬಾರದು. ದೆವ್ವ ನಮ್ಮವರ ದನಿಯಲ್ಲೇ ಕರೆಯುತ್ತದೆ, ಆದರೆ ಎರಡೇ ಸಲ. ಮೂರನೆಯ ಸಲ ಕರೆದರೆ ಮನುಷ್ಯರು. ಅಪ್ಪ ಇದನ್ನು ಮೊಮ್ಮಗಳಿಗೆ ಹೇಳಿದ್ದ. ಅವಳು ಅದಕ್ಕೊಂದು ಉಪಾಯ ಸೇರಿಸಿದ್ದಳು: ಆಟಕ್ಕೆ ಮೊದಲು ಮನೆಯವರೊಬ್ಬರು ಫೋನಿಗೆ ಒಂದು ಮಾತು ಹೇಳಬೇಕು. ಒಳಗೆ ದೆವ್ವ ಅದೇ ದನಿಯಲ್ಲಿ ಕರೆಯುತ್ತದೆ. ಅಗಳಿಯನ್ನು ನೋಡುತ್ತ ಡಬ್ಬಿಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ತೆರೆದರೆ ಸೋತಂತೆ.

ನನ್ನ ಸರದಿಗೆ ಐಶ್ವರ್ಯ ತಾನೇ "ಅತ್ತಿ, ಬಾಗಲಾ ತಗೀರಿ" ಎಂದಳು. ನಾನು ಡಬ್ಬಿಗೆ ಮುಖ ಕೊಟ್ಟೆ.

ನಾಗನೂರಿನ ನಮ್ಮ ಹಳೆಯ ಮನೆ. ಗೋಡೆಗಳ ಫೋಟೋ ತೆಗೆದು ಅಂಟಿಸಿದ್ದಳು. ನಾನು ತಲೆ ತಿರುಗಿಸಿದರೆ ಮನೆ ಒಂದು ಗಳಿಗೆ ತಡೆದು, ನಿದ್ದೆಯಲ್ಲಿದ್ದವರ ಹಾಗೆ, ನನ್ನ ಹಿಂದೆ ತಿರುಗುತ್ತಿತ್ತು. ಬೆಳಕು ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಸಂಜೆ. ಕಂಬಕ್ಕೆ ನೆರಳಿರಲಿಲ್ಲ. ಕೆಳಗೆ ನೋಡಿದೆ. ನನಗೆ ಕಾಲುಗಳೇ ಇರಲಿಲ್ಲ. ಎದುರಿಗೆ ಹಿತ್ತಲ ಬಾಗಿಲು, ನಡುವಿನ ಹಲಗೆಯಲ್ಲಿ ಅದೇ ಸೀಳು.

ಒಂದು ಸಲ ಕರೆಯಿತು. ಇನ್ನೊಂದು ಸಲ ಕರೆಯಿತು. ನಾನು ಕುಳಿತೇ ಇದ್ದೆ. ಆಮೇಲೆ ಗಾಳಿಯ ಸದ್ದು ಬಂದು, ಸಂಜೆಯ ಮೇಲೆ ಬಿಳಿ ಅಕ್ಷರಗಳು ತೇಲಿದವು: ಗೆದ್ದಿರಿ.

"ಹೆಂಗ ಸುಮ್ಮ ಕುಂತ್ರಿ?" ಎಂದಳು ಐಶ್ವರ್ಯ.

ಆ ಬಾಗಿಲ ಹಿಂದೆ ನಾನು ಮೊದಲೂ ಒಮ್ಮೆ ಹಾಗೆ ತೆರೆಯದೆ ನಿಂತಿದ್ದೆ. ಆಗ ನನಗೆ ಒಂಬತ್ತು ವರ್ಷ. ಹಿತ್ತಲಲ್ಲಿ ಇಂಜಿನ್ ಮೇಲೆ ಕಬ್ಬಿನ ಗಾಣ ನಡೆದಿತ್ತು, ಬೆಲ್ಲದ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ಅಜ್ಜಿ ಗುಡಿಗೆ ಹೋಗಿದ್ದಳು. ಹೊತ್ತು ಮುಳುಗಿತ್ತು. ಅಪ್ಪ "ಸುವರ್ಣಾ" ಎಂದು ಕೂಗಿದ. ನಾನು ಎದ್ದು ಬಾಗಿಲವರೆಗೆ ಹೋಗಿ, ಅಗಳಿಯ ಮೇಲೆ ಕೈಯಿಟ್ಟು, ಉಳಿದೆರಡು ಕೂಗುಗಳಿಗಾಗಿ ಕಾದೆ. ಅವು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಾಜೂ ಮನೆಯ ಹೊಳೆಪ್ಪನ ಬೊಬ್ಬೆ ಕೇಳಿಸಿತು. ಇಂಜಿನ್ ನಿಂತಿತು. ಕಬ್ಬು ಕೊಡುವಾಗ ಅಪ್ಪನ ಬಲಗೈಯ ಎರಡು ಬೆರಳು ಗಾಣದ ಬಾಯಿಗೆ ಹೋಗಿದ್ದವು.

ಇಂಜಿನ್ ಸದ್ದಿನಲ್ಲಿ ಹುಡುಗಿಗೆ ಕೇಳಿಸಿರಲಿಕ್ಕಿಲ್ಲ ಎಂದರು ಎಲ್ಲರೂ. ನನಗೆ ಕೇಳಿಸಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಅಂದಿನಿಂದ ಫೋನು ಎರಡನೆಯ ಸಲ ರಿಂಗಾಗುವವರೆಗೆ ಬಿಟ್ಟದ್ದೂ ಇಲ್ಲ.

"ಮುತ್ಯಾ, ಈಗ ನೀ. ಅತ್ತಿ, ನೀವ ಕರೀರಿ," ಎಂದು ಐಶ್ವರ್ಯ ಡಬ್ಬಿಯನ್ನು ಅಜ್ಜನ ಮುಂದೆ ಹಿಡಿದಳು.

ನಾನು ಫೋನಿಗೆ "ಅಪ್ಪಾ, ಬಾಗಲಾ ತಗಿ" ಎಂದೆ. ಐಶ್ವರ್ಯ ಅವನ ತಲೆಗೆ ಲಾಡಿ ಕಟ್ಟಿದಳು. ಹೆಡ್‌ಫೋನ್ ಇಲ್ಲದ ಆಟ. ಒಳಗಿನದೆಲ್ಲ ನಮಗೂ ಕೇಳುತ್ತಿತ್ತು. ಮೊದಲ ಕೂಗಿಗೇ ಅಪ್ಪ "ಬಂದೆ ಯವ್ವಾ" ಎಂದು ಗುಂಡಿ ಒತ್ತಿದ. ದೆವ್ವ ಕಿರುಚಿತು.

"ಸೋತಿ, ಮುತ್ಯಾ. ತಗೀಬಾರ್ದು. ನೀನ ಹೇಳಿದ್ದಲ್ಲ?"

"ಹೇಳೇನಿ. ಮತ್ತ ಹಚ್ಚು."

ಮತ್ತೆ ಕರೆಯಿತು, ಮತ್ತೆ ತೆಗೆದ. ಮೂರನೆಯ ಆಟದಲ್ಲೂ ಹಾಗೆಯೇ ಆಯಿತು.

"ದೆವ್ವ ಅಂತ ಗೊತ್ತಿದ್ರೂ ತಗೀತೀಯಲ್ಲ?"

"ದನಿ ಸುವರ್ಣಾಂದೈತಿ. ನಾ ಏನ ಮಾಡಲಿ?" ಎಂದು ನಕ್ಕ. "ನಿನ್ನ ದೆವ್ವ ಪಾಪ, ನನ್ನ ನೋಡಿ ತಾನ ಅಂಜಾಕತ್ತೈತಿ."

ಫೋನು ಬಿಸಿಯಾಗಿ ಚಾರ್ಜು ಇಳಿದಿತ್ತು. ನಾಲ್ಕನೆಯ ಆಟ ಹಚ್ಚಿಟ್ಟು ಐಶ್ವರ್ಯ ಚಾರ್ಜರ್ ತರಲು ಮಾಳಿಗೆಗೆ ಹೋದಳು. ಅಪ್ಪ ಡಬ್ಬಿ ಬಿಚ್ಚಲಿಲ್ಲ. ಬಲಗೈಯ ಉಳಿದ ಬೆರಳುಗಳು ಗುಂಡಿಯ ಮೇಲಿದ್ದವು. ಅವನ ಕಣ್ಣುಗಳು ನಾಗನೂರಿನಲ್ಲಿದ್ದವು. ನನ್ನನ್ನು ನೋಡದ ಆ ಮುಖಕ್ಕೆ ಮಾತ್ರ ಹೇಳಬಹುದೆನಿಸಿತು.

"ಅಪ್ಪಾ, ಅವತ್ತ ನೀ ಕರದದ್ದು ನಂಗ ಕೇಳಿತ್ತು. ಮೂರ ಸಲಾ ಕರೀಲಿ ಅಂತ ನಿಂತಿದ್ದೆ."

ಡಬ್ಬಿ ಅಲುಗಲಿಲ್ಲ.

"ಗೊತ್ತೈತಿ," ಎಂದ.

ಅವನ ಮುಖ ಇನ್ನೂ ಆ ಬಾಗಿಲ ಕಡೆಗೇ ಇತ್ತು.

"ಬಾಗಲದ ಸಂದ್ಯಾಗ ನಿನ್ನ ಕಾಲ ಕಾಣತಿದ್ವು. ಕೆಂಪ ಲಂಗಾ ಉಟ್ಟಿದ್ದಿ."

"ಮತ್ಯಾಕ ಇನ್ನೊಮ್ಮೆ ಕರೀಲಿಲ್ಲ?"

"ಬೆರಳ ಹೋಗೇ ಬಿಟ್ಟಿದ್ವು. ಇಂಜಿನ್ ಇನ್ನೂ ತಿರಗತಿತ್ತು, ಗಾಣ ತಿರಗಸೋ ಪಟ್ಟಾ ಬಾಗಲ ಮುಂದನ ಹಾದಿತ್ತು. ಆ ಲಂಗದಾಗ ಓಡಿ ಬಂದಿದ್ರ? ಒಮ್ಮೆ ಬಾಯಿ ತಪ್ಪಿ ಕರದೆ. ನಿನ್ನ ಕಾಲ ಕಂಡ ಕೂಡಲೇ ಹಲ್ಲ ಕಚ್ಚಿ ಕುಂತೆ. ಬಸವಣ್ಣಾ, ಆಕಿ ಬರಬಾರದಪಾ ಅಂದೆ."

"ಇಷ್ಟ ವರ್ಷ ಹೇಳಲಿಲ್ಲಲ್ಲ."

"ನಿಂಗ ನೆನಪ ಇರಲಿಕ್ಕಿಲ್ಲ ಅನಕೊಂಡೆ. ಸಣ್ಣಾಕಿ ಇದ್ದಿ."

ಫೋನಿನಿಂದ ನನ್ನ ದನಿ ಅಪ್ಪನನ್ನು ಕರೆಯಿತು. ಅವನು ಬಾಗಿಲು ತೆಗೆದು, ಸೋತು, ಡಬ್ಬಿ ಬಿಚ್ಚಿದ. ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ನೀ ಕುಂದ್ರ," ಎಂದ. "ನಾ ಕರೀತೀನಿ."

ಐಶ್ವರ್ಯ ಬಂದು ಚಾರ್ಜರ್ ಸಿಕ್ಕಿಸಿದಳು. ಅಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು, ದೂರದವರನ್ನು ಕೂಗುವಷ್ಟು ಜೋರಾಗಿ ನನ್ನ ಹೆಸರು ಹೇಳಿದ.

ಮತ್ತೆ ಆ ಸಂಜೆ. ನೆರಳಿಲ್ಲದ ಕಂಬ, ಸೀಳಿದ ಹಲಗೆ. ಮನೆ ನನ್ನ ಹಿಂದೆ ನಿಧಾನವಾಗಿ ತಿರುಗಿ ನಿಂತಿತು.

"ಸುವರ್ಣಾ."

ಅಗಳಿಯನ್ನು ನೋಡಿದೆ. ಗುಂಡಿ ಒತ್ತಿದೆ.

ಬಿಳಿ ಸೀರೆಯ ದೆವ್ವ ಕೂದಲು ಕೆದರಿಕೊಂಡು ಬಂದು ನನ್ನೊಳಗಿಂದಲೇ ಹಾದುಹೋಯಿತು. "ಅತ್ತಿ, ಸೋತ್ರಿ," ಎಂದು ಐಶ್ವರ್ಯ ಎಲ್ಲಿಂದಲೋ ಹೇಳುತ್ತಿದ್ದಳು. ನಾನು ಹಿತ್ತಲನ್ನು ನೋಡುತ್ತಿದ್ದೆ. ಅವಳು ಅಲ್ಲಿ ಗಾಣ ಮಾಡಿರಲಿಲ್ಲ. ಬರೀ ನೆಲ, ಅದರ ಮೇಲೆ ತಿಳಿ ಬೆಳಕು. ಅಕ್ಷರಗಳು ತೇಲಿಬರುವವರೆಗೂ ಅಲ್ಲೇ ಇದ್ದೆ.