ಕಾಲಿಲ್ಲದ ಹಲ್ಲಿ

"ಆ ಬಾಟ್ಲಿ ಇತ್ತ ತಾ. ಇಲ್ಲಾಂದ್ರೆ ಎಣ ಎತ್ತಲ್ಲ," ಎಂದು ಅಶ್ವತ್ಥಪ್ಪ ಚಟ್ಟದ ಮುಂದೆ ಕೈಕಟ್ಟಿ ನಿಂತ.

"ಎತ್ತಬೇಡ ಬಿಡು," ಎಂದಳು ಗಂಗರತ್ನಮ್ಮ. ಬಾಟಲಿ ಅವಳ ಸೆರಗಿನೊಳಗಿತ್ತು.

ಆಂಡರ್ಸನ್‌ಪೇಟೆಯ ಆ ಅಂಗಳದಲ್ಲಿ ಅವಳ ಗಂಡ ಕೋದಂಡಪ್ಪನ ಹೆಣ ಬೆಳಗಿನಿಂದ ಬಿಸಿಲು ಕಾಯುತ್ತಿತ್ತು. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆ. ಕ್ಯಾಸಂಬಳ್ಳಿಯಿಂದ ಬಂದ ಅವನ ಅಣ್ಣ ಅಶ್ವತ್ಥಪ್ಪನಿಗೆ, ದಾಯಾದಿಗಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಅಷ್ಟು ಓದಿದ ಕೋದಂಡಪ್ಪ ಚಿನ್ನದ ಗಣಿಯ ದಿಬ್ಬಗಳನ್ನು ಕೆದಕಿ, ಹಾವು ಹಲ್ಲಿ ಹಿಡಿದು, ಸ್ಪಿರಿಟ್ಟಿನಲ್ಲಿ ಅದ್ದಿ, ಯಾರೂ ಕಾಣದ ಜಾತಿಗಳಿಗೆ ಹೆಸರಿಡುವುದರಲ್ಲೇ ಬದುಕು ಸವೆಸಿದ್ದ. ಮಿಕ್ಕವೆಲ್ಲ ಮ್ಯೂಸಿಯಮ್ಮಿಗೆ ಹೋಗಿದ್ದವು. ಅವನು ಕೊನೆಗೆ ಹೆಸರಿಟ್ಟ, ಈ ಬಾಟಲಿಯಲ್ಲಿದ್ದ ಒಂದು ಮಾತ್ರ ಮನೆಯಲ್ಲಿತ್ತು. ಗೇಣುದ್ದ, ಕಂದು ಬಣ್ಣ, ಕಾಲಿಲ್ಲ.

"ನಾಗಪ್ಪನ್ನ ಕೊಂದು ಬಾಟ್ಲಿಗಾಕವ್ನೆ. ಅದಕ್ಕೂ ಸಂಸ್ಕಾರ ಆಗ್ಬೇಕು, ಅವನ ಜೊತೇಲೇ ಸುಡ್ಬೇಕು. ಆ ದೋಷಕ್ಕೇ ಕಣಮ್ಮಾ ನಿನ್ನ ಒಟ್ಟೇಲಿ ಒಂದೂ ನಿಲ್ಲಲಿಲ್ಲ!" ಎಂದ ಅಶ್ವತ್ಥಪ್ಪ.

ಅಯ್ಯೋ, ಆ ಮಾತು! ಮದುವೆಯಾದಾಗಿನಿಂದ ಅದನ್ನೇ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

"ಇದು ಆವಲ್ಲ. ಅಲ್ಲಿ!"

"ಎಲ್ಲಿ?" ಎಂದು ಯಾರೋ ತಿರುಗಿ ನೋಡಿದರು.

"ಗೋಡೆ ಮೇಲೆ ಲೊಚ್ ಅನ್ನಲ್ವಾ, ಆ ಅಲ್ಲಿ!"

"ಕಾಲಿಲ್ದಿರೋ ಅಲ್ಲಿ ಯಾವೂರಲ್ಲೈತೆ?" ಅಶ್ವತ್ಥಪ್ಪ ಕೊಂಕು ನುಡಿದ. ಸಾವಿನ ಮನೆಯೆಂಬುದನ್ನೂ ಮರೆತು ಜನ ನಕ್ಕರು.

*

ಅದು ಜೀವಂತವಿದ್ದಾಗ ಕೋದಂಡಪ್ಪ ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೇ ನುಗ್ಗಿದ್ದ. ಹಿಡಿದು ತಂದವನು ಗಣಿಯ ಕೂಲಿ ಆರುಮುಗಂ. ಅವನು ಬೇಲಿಯಾಚೆಯೇ ನಿಂತಿದ್ದ, ಅವನ ಜಾತಿಯವರನ್ನು ಗಂಗರತ್ನಮ್ಮ ಒಳಗೆ ಬಿಟ್ಟವಳಲ್ಲ.

"ನೋಡೇ, ರೆಪ್ಪೆ ಮುಚ್ತು! ಹಾವಿಗೆ ರೆಪ್ಪೆ ಇರಲ್ಲ. ಇದು ಕಾಲು ಕಳ್ಕೊಂಡ ಹಲ್ಲಿ. ನಾಳೆ ಯಾರಾದ್ರೂ ಅನುಮಾನಪಟ್ರೆ ಇದನ್ನೇ ತೋರಿಸ್ಬೇಕು. ಇದು ಹೋದ್ರೆ ನನ್ನ ಮಾತೂ ಹೋಯ್ತು."

"ಆ ಉಳ ಕಣ್ಣು ಮುಚ್ಚೋದು ಕಾಣ್ತದೆ ನಿಮಗೆ. ನಾನು ಕಣ್ಣೀರಾಕೋದು ಕಾಣಲ್ಲ," ಎಂದು ಅವಳು ಸೌಟು ಕುಕ್ಕಿದ್ದಳು. ಆದರೆ ರೆಪ್ಪೆ ಮುಚ್ಚಿದ್ದನ್ನು ಅವಳೂ ಕಂಡಿದ್ದಳು.

*

"ಕೊಡ್ತೀಯೋ, ಕಿತ್ಕೊಳ್ಳಲೋ?" ಅಶ್ವತ್ಥಪ್ಪ ಕೈ ಚಾಚಿದ.

ಕೊಟ್ಟರೆ ಇದು ನಾಗನೆಂದು ಒಪ್ಪಿದಂತೆ. ತನ್ನ ಹೊಟ್ಟೆಗೆ ಇವರು ಬಳಿದ ಮಸಿಯನ್ನೂ ಒಪ್ಪಿದಂತೆ. ಗಂಡನ ಮೇಲೆ ಅವಳಿಗೆ ಸಿಟ್ಟಿತ್ತು, ಇವರ ಮೇಲೆ ಹೇಸಿಗೆಯೇ ಇತ್ತು.

ಆರುಮುಗಂ ಇನ್ನೂ ಮೂವರು ಕೂಲಿಯವರೊಂದಿಗೆ ಹಾರ ಹಿಡಿದು ಬೀದಿಯಲ್ಲಿ ನಿಂತಿದ್ದ.

"ಆರುಮುಗಂ, ಬನ್ರಪ್ಪಾ ಒಳಕ್ಕೆ. ನೀವೇ ಎತ್ತಿ."

"ಅಮ್ಮಾ... ನಾಂಗಳಾ? ನಾವಾ?"

"ಊಂ, ನೀವೇ."

"ಲೇ, ಮುಟ್ಟಿದ್ರೆ ಕೈ ಕಡಿತೀನಿ!" ಅಶ್ವತ್ಥಪ್ಪ ಅಬ್ಬರಿಸಿದ. ಗಂಗರತ್ನಮ್ಮ ನಡುವೆ ಬಂದು ನಿಂತಳು.

"ಮೊದ್ಲು ನನ್ನ ಕೈ ಕಡಿ, ಬಾ."

ಅವನು ಥೂ ಎಂದು ಉಗುಳಿದ. "ನಿನ್ನ ಮನೇಲಿ ಇನ್ನು ನೀರು ಮುಟ್ಟಿದ್ರೆ ಕೇಳು," ಎಂದು ನೆಂಟರನ್ನೆಲ್ಲ ಕರೆದುಕೊಂಡು ಬಸ್ಸಿಗೆ ನಡೆದ. ಅಣ್ಣ ಹಿಡಿಯಬೇಕಿದ್ದ ಬೆಂಕಿಯ ಮಡಕೆಯನ್ನು ಅವಳೇ, ಚಟ್ಟಕ್ಕೆ ಹೆಗಲು ಕೊಟ್ಟ ಆರುಮುಗಂನ ಕೈಗಿತ್ತಳು.

ಸತ್ತ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರು ಅನ್ನ ತಂದುಕೊಡಬೇಕು. ಸಂಜೆಯಾದರೂ ಬೀದಿಯ ಒಂದು ಬಾಗಿಲೂ ತೆರೆಯಲಿಲ್ಲ. ಗಂಗರತ್ನಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಒಲೆ ಹಚ್ಚಿದಳು. ಅನ್ನ ಬೇಯುತ್ತಿರುವಾಗ, ಸುಡುಗಾಡಿಗೆ ಹೋದವರು ಬರುವ ಹೊತ್ತಿಗೆ ನಡುಮನೆಯನ್ನು ಗುಡಿಸಿ, ಐದು ಎಲೆ ಹಾಸಿದಳು.