ಮುಳ್ಳಿರುವ ಮೀನು

ಬೆಕ್ಕಿನ ಬಾಯಲ್ಲಿ ಬಾಚಣಿಗೆ, ಅಲ್ಲ, ಬಾಚಣಿಗೆ ಎಲ್ಲಿಂದ ಬರಬೇಕು, ಬೂತಾಯಿ ಮೀನಿನ ಬೆನ್ನುಮುಳ್ಳು, ತುದಿಯಿಂದ ತುದಿಯವರೆಗೆ ಇಡಿಯಾಗಿ, ಬಾವಿಕಟ್ಟೆಯ ಬದಿಯಲ್ಲಿ ಅಂಥವೇ ಇನ್ನಷ್ಟು ಬಿದ್ದಿವೆ, ಹುರಿಯುವ ಮೊದಲೇ ಹಸಿಯಾಗಿ ಎಳೆದು ತೆಗೆದದ್ದು, ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇಲ್ಲ, ಈ ಮನೆಯಲ್ಲಿ ಮೀನು ಶುಚಿ ಮಾಡುವವರು ಒಬ್ಬರೇ, ಅತ್ತೆ ಭಾರ್ಗವಿಯಮ್ಮ — ಕೈ ತೊಳೆಯಲು ಬಂದ ಪ್ರಸೀದ ನೀರು ಸುರಿದುಕೊಳ್ಳುವುದನ್ನೇ ಮರೆತು ನಿಂತಳು, ಹಾಗಾದರೆ ಇಷ್ಟು ದಿನ ತಾನು ತಿಂದದ್ದೇನು, ಡಾಕ್ಟರ್ ಜೆಸ್ನಾ ಹೇಳಿದಂತೆ ನೀರಿನ ಲೋಟವನ್ನು ದೂರವಿಟ್ಟು, ಎದೆ ಡವಡವ ಎನ್ನುತ್ತಿದ್ದರೂ ಎದ್ದು ಓಡದೆ, ಕಣ್ಣು ಮುಚ್ಚಿ ನುಂಗಿದ ಆ ಮುಳ್ಳಿನ ಮೀನು ಮುಳ್ಳೇ ಇಲ್ಲದ ಮೀನಾಗಿತ್ತು, ಹೊಟ್ಟೆ ಸೀಳಿ, ಮುಳ್ಳೆಳೆದು, ಮಸಾಲೆ ತುಂಬಿ ಮತ್ತೆ ಮುಚ್ಚಿದ್ದು, ತಲೆ ಬಾಲ ಮಾತ್ರ ತೋರಿಕೆಗೆ. ಚೆನ್ನಾಗಿ ಹುರಿದ್ರೆ ಮುಳ್ಳು ಹಪ್ಪಳದ ಥರ ಆಗ್ಬಿಡುತ್ತೆ ಮೋಳೇ, ನನ್ನ ಮಗಳೇ, ಗೊತ್ತೇ ಆಗಲ್ಲ ಎಂದಿದ್ದರು ಅತ್ತೆ, ತಾನೂ ನಂಬಿದ್ದಳು, ನಂಬುವುದು ಎಷ್ಟು ಹಾಯಾಗಿತ್ತು, ಗೆದ್ದೆ ಡಾಕ್ಟರೇ ಎಂದು ಬೀಗಿಯೂ ಬಂದಿದ್ದಳು. ಥೂ.

ಆಲಪ್ಪುಳದಲ್ಲಿ ಹುಟ್ಟಿ ಮೀನಿಗೆ ಹೆದರುವುದೆಂದರೆ ಯಾರಿಗೆ ಹೇಳುವುದು, ನಾದಿನಿಯ ಮನೆಯಲ್ಲಿ ಕರಿಮೀನು ತಿನ್ನುತ್ತ ನಗುತ್ತಿದ್ದಳು, ಗಂಟಲಿಗೆ ಮುಳ್ಳು ಸಿಕ್ಕಿ ನಗು ಅರ್ಧಕ್ಕೆ ನಿಂತಿತು, ಅನ್ನದ ಉಂಡೆ ಅಗಿಯದೆ ನುಂಗು ಅಂದರು, ನುಂಗಿದಳು, ಬಾಳೆಹಣ್ಣು ನುಂಗು ಅಂದರು, ಅದನ್ನೂ ನುಂಗಿದಳು, ಎಲ್ಲರ ಉಪಕಾರದಿಂದ ಮುಳ್ಳು ಇನ್ನಷ್ಟು ಕೆಳಗಿಳಿಯಿತು, ಕೊನೆಗೆ ಆಸ್ಪತ್ರೆ, ಕಣ್ಣು ಕುಕ್ಕುವ ದೀಪ, ಗಂಟಲೊಳಗೆ ತಣ್ಣನೆಯ ಚಿಮಟ, ಉಸಿರಿಲ್ಲ, ಉಸಿರಿಲ್ಲ — ಮುಳ್ಳು ಅವತ್ತೇ ಹೊರಗೆ ಬಂತು, ಹೆದರಿಕೆ ಒಳಗೇ ಉಳಿಯಿತು, ಆಮೇಲೆ ಬರೀ ಗಂಜಿ, ನೀನು ಹಿಂಗೇ ಗಂಜಿ ಕುಡೀತಾ ಇದ್ರೆ ನಾನು ಮೀನು ಮುಟ್ಟದ ನಂಬೂದಿರಿ ಆಗ್ಬಿಟ್ಟೆ ಅಂತ ದೋಣಿ ಜೆಟ್ಟಿಯಲ್ಲಿ ಸುದ್ದಿ ಹಬ್ಬುತ್ತೆ ಕಣೇ ಎಂದು ಗಂಡ ಸಜೀವನ್ ನಗಿಸಲು ನೋಡಿದ, ಅವಳ ಸೀರೆ ಸಡಿಲವಾದ ಮೇಲೆ ಅವನೂ ನಗಲಿಲ್ಲ. ಡಾಕ್ಟರ್ ಜೆಸ್ನಾ ಮಾತ್ರೆಯ ಬದಲು ಊಟ ಬರೆದುಕೊಟ್ಟರು, ಮೊದಲು ಬೇರೆಯವರು ತಿನ್ನುವುದನ್ನು ಎದುರು ಕೂತು ನೋಡುವುದು, ಆಮೇಲೆ ಗಟ್ಟಿ ಗಂಜಿ, ಆಮೇಲೆ ಕುಚ್ಚಲಕ್ಕಿ ಅನ್ನ, ಹಬೆಯಲ್ಲಿ ಬೇಯಿಸಿದ ಪುಟ್ಟು, ಮುಳ್ಳಿಲ್ಲದ ಮೀನು, ಕೊನೆಗೆ ಮುಳ್ಳಿರುವುದು, ಹೆದರಿಕೇನ ಓಡಿಸೋಕೆ ಹೋಗಬೇಡಿ ಪ್ರಸೀದಾ, ಬರುತ್ತೆ, ಕೂರುತ್ತೆ, ಬೇಜಾರಾದ್ರೆ ಅದೇ ಎದ್ದು ಹೋಗುತ್ತೆ, ನೀವು ಮೊದಲು ಏಳಬಾರದು, ಅಷ್ಟೆ ಎಂದರು. ಅನ್ನ, ಪುಟ್ಟು ಎಲ್ಲ ಹಾಗೇ ಆಯಿತು, ಅದು ನಿಜವಾದ ಗೆಲುವೇ, ಅದನ್ನು ಯಾವ ಬೆಕ್ಕೂ ಕಿತ್ತುಕೊಳ್ಳುವಂತಿಲ್ಲ.

ಅಮ್ಮೇ, ಏನಿದು ಎಂದು ಅಡುಗೆಮನೆಯ ಬಾಗಿಲಲ್ಲಿ ಕೇಳಿದಳು, ಭಾರ್ಗವಿಯಮ್ಮ ಒಲೆಯಿಂದ ತಿರುಗಲಿಲ್ಲ, ಏನು ಮಾಡ್ಲಿ ಮೋಳೇ, ಕತ್ತು ಹಿಡ್ಕೊಂಡು ನೀನು ಒದ್ದಾಡಿದ್ದನ್ನ ನೋಡಿದವಳು ನಾನು, ನಿನ್ನ ಡಾಕ್ಟರ್ ನೋಡಿದಾಳಾ, ಹೆಂಗೋ ತಿಂತಿದ್ಯಲ್ಲ, ಸಾಲದಾ. ಸಾಲಲ್ಲ ಅಮ್ಮೇ, ಮಾಳುನ ನೋಡಿ. ಕೊಬ್ಬರಿ ಎಣ್ಣೆ ಚಟಪಟ ಎನ್ನುತ್ತಿತ್ತು. ಮಾಳು, ಏಳು ವರ್ಷದ ಮಗಳು, ಅವಳ ಗಂಟಲಿಗೆ ಯಾವತ್ತೂ ಏನೂ ಸಿಕ್ಕಿಲ್ಲ, ಆದರೂ ತುತ್ತು ತುತ್ತನ್ನೂ ಬೆರಳಲ್ಲಿ ಹಿಸುಕಿ ನೋಡುತ್ತಾಳೆ, ಇದರಲ್ಲಿ ಮುಳ್ಳಿದೆಯಾ, ಉಪ್ಪಿಟ್ಟಿನಲ್ಲೂ, ಬಾಳೆಹಣ್ಣಿನಲ್ಲೂ, ಶಾಲೆಯಿಂದ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸು ಬರುತ್ತದೆ, ಟೀಚರ್ ಕರೆಸಿ ಕೇಳಿದಾಗ ಏನು ಹೇಳುವುದು, ದಿನಾ ಅವಳೆದುರು ಕತ್ತು ಸವರಿಕೊಂಡು ಕೂತ ತಾನೇ ಕಲಿಸಿದೆ ಎನ್ನುವುದೇ, ಆ ಕೈಗಳು ಎಷ್ಟು ಸಣ್ಣಗಾಗಿವೆ, ಬಳೆ ಮೊಣಕೈ ದಾಟುತ್ತದೆ. ಉಳಿದ ಮೀನನ್ನು ಹಾಗೇ ಹುರೀರಿ ಅಮ್ಮೇ, ಮುಳ್ಳು ತೆಗೀಬೇಡಿ. ಅತ್ತೆ ಹುರಿದರು, ಗೊಣಗುತ್ತಲೇ ಹುರಿದರು.

ಈಗ ತಟ್ಟೆಯಲ್ಲಿದೆ, ಎದುರು ಮಾಳು ಕೂತಿದ್ದಾಳೆ, ಪ್ರಸೀದ ಮುರಿದಳು, ಒಳಗೆ ಬೆಳ್ಳಗೆ ಮುಳ್ಳಿನ ಸಾಲು, ಬಾಯಿಗಿಟ್ಟಳು, ಬಂತು, ಹೆದರಿಕೆ ನಿಜವಾಗಿ ಬಂತು, ಅಂಗೈ ಬೆವರಿತು, ಕಿವಿ ಗುಂಯ್ ಎಂದಿತು, ನೀರಿನ ಲೋಟ ಕಿಟಕಿಯ ಮೇಲೆ ಅಷ್ಟು ದೂರ, ಕೂತಿರು, ಅಗಿ, ನಾಲಿಗೆಗೆ ಏನೋ ಚುಚ್ಚಿತು, ಅದೇ, ಅದೇ ಅದು, ಉಗುಳಲೇ, ಬೇಡ, ನಾಲಿಗೆ ತಾನಾಗಿಯೇ ಅದನ್ನು ಕೆನ್ನೆಗೆ ತಳ್ಳಿತು, ತುಟಿಗೆ ತಂದಿತು, ಎಷ್ಟೋ ವರ್ಷ ತಿಂದ ನಾಲಿಗೆ, ಈ ಕೆಲಸವನ್ನು ಅದು ಮರೆತೇ ಇರಲಿಲ್ಲ, ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟಳು. ಮಾಳು ಬಗ್ಗಿ ನೋಡಿದಳು, ಚುಚ್ಚಿತಾ. ಹ್ಞೂಂ, ಚುಚ್ಚಿತು. ಮತ್ತೆ. ಮತ್ತೇನು, ತೆಗೆದೆ. ಇನ್ನೊಂದು ತುತ್ತು, ಇನ್ನೊಂದು ಮುಳ್ಳು, ಕಿವಿಯ ಗುಂಯ್ ಕಡಿಮೆಯಾಯಿತೋ ಇಲ್ಲವೋ ಗಮನಿಸಲು ಪುರುಸೊತ್ತಿಲ್ಲ, ನಂಗೂ ಎಂದಳು ಮಾಳು, ಬಾಯಿ ತೆರೆದಳು.

ಅಯ್ಯೋ ಬೇಡ ಎಂದು ಬಾಗಿಲಿನಿಂದ ಅತ್ತೆ ಅಂದರು, ಪ್ರಸೀದ ಮೀನಿನ ಚೂರೊಂದನ್ನು ಬಿಡಿಸಿದಳು, ಹಿಸುಕಿ ನೋಡಬೇಕೆಂದು ಬೆರಳು ತವಕಿಸಿತು, ನೋಡಲಿಲ್ಲ, ಮೆಲ್ಲಗೆ ಅಗಿ ಮಾಳೂ, ನಾಲಿಗೆಯಲ್ಲಿ ಹುಡುಕು ಎಂದು ಇಟ್ಟುಬಿಟ್ಟಳು, ಮಾಳು ಅಗಿದಳು, ಅಗಿಯುವುದನ್ನು ನಿಲ್ಲಿಸಿದಳು, ಕಣ್ಣು ಅಗಲವಾಯಿತು, ಸಿಕ್ಕಿದೆ, ಅವಳಿಗೆ ಸಿಕ್ಕಿದೆ, ದೀಪ, ಚಿಮಟ, ಬೆರಳು ಹಾಕಿ ತೆಗೆದುಬಿಡಲೇ, ಕೈ ಅರ್ಧ ಎದ್ದಿತು, ಮೊದಲು ಏಳಬಾರದು, ಆ ಕೈಯನ್ನು ತೊಡೆಯ ಕೆಳಗೆ ಒತ್ತಿ ಅದರ ಮೇಲೆ ಕೂತಳು, ಮಗಳ ಕೆನ್ನೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಉಬ್ಬಿತು, ತುಟಿ ಬಿರಿಯಿತು, ನಾಲಿಗೆ ಹೊರಗೆ ಬಂತು, ಅದರ ತುದಿಯಲ್ಲಿ, ಒದ್ದೆಯಾಗಿ, ಬೆಳ್ಳಗೆ, ಮುಳ್ಳು —