ಮರಳುಗಾಡಿಗೆ ಆರೇ ಸೀಟು

ಹಾವಿನ ಹಗೆ ಹನ್ನೆರಡು ವರ್ಷ ಅಂತಾರೆ. ಈ ಮನೆಯ ಚಿಕ್ಕ ಸೊಸೆಯ ಹಗೆ ಹದಿಮೂರಕ್ಕೆ ಕಾಲಿಟ್ಟಿತ್ತು, ಇನ್ನೂ ಒಂದು ಹಲ್ಲೂ ಅಲ್ಲಾಡಿರಲಿಲ್ಲ.

ಹಗೆ ಯಾರ ಮೇಲೆ ಅಂತೀರಾ? ಅದೇ ಮನೆಯ ಮಹಡಿಯಲ್ಲಿದ್ದ ಓರಗಿತ್ತಿಯ ಮೇಲೆ, ಅಂದರೆ ಗಂಡನ ಅಣ್ಣನ ಹೆಂಡತಿಯ ಮೇಲೆ. ಪ್ರತಿ ರಜೆಗೂ ಮನೆಯೆಲ್ಲ ಭಾವನ ಕಾರಿನಲ್ಲಿ ಎಲ್ಲಾದರೂ ಹೊರಡುವುದು ರೂಢಿ. ಭಾವ, ಓರಗಿತ್ತಿ, ಅವರ ಇಬ್ಬರು ಗಂಡುಮಕ್ಕಳು, ಇವಳ ಗಂಡ, ಇವಳ ಮಗಳು. ಹೊರಡುವ ಹಿಂದಿನ ದಿನ ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಈ ಸಲಾನೂ ಸೀಟು ಸಾಲ್ತಿಲ್ಲಮ್ಮ," ಅನ್ನುವಳು. ಇವಳು "ಆಯ್ತು ಅಕ್ಕ," ಅನ್ನುವಳು. ಅಷ್ಟೇ. ಕಾರು ಗೇಟು ದಾಟಿದ ಮೇಲೆ ಇವಳೂ ಮಂಡಿನೋವಿನ ಅತ್ತೆಯೂ ಉಳಿಯುವರು. ಹೋದವರು ಬರುವಾಗ ಫ್ರಿಜ್ಜಿಗೆ ಅಂಟಿಸುವ ಒಂದು ಬೊಂಬೆ ತಂದುಕೊಡುವರು. ಜಲಪಾತ, ದೀಪಸ್ತಂಭ, ಆನೆ! ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಇವಳ ಹೊಟ್ಟೆ ಉರಿಯುತ್ತಿತ್ತು.

ವಿಪರ್ಯಾಸ ನೋಡಿ, ಇವಳ ಕೆಲಸವೇ ಸೀಟು ಹೊಂದಿಸುವುದು. ದೊಡ್ಡದೊಂದು ಶಾಲೆಯ ಬಸ್ಸುಗಳ ಮೇಲ್ವಿಚಾರಣೆ ಇವಳದು. ಯಾವ ಮಗು ಯಾವ ಬಸ್ಸು, ಯಾವ ತಿರುವಿನಲ್ಲಿ ಇಳಿಯಬೇಕು, ಯಾರ ಪಕ್ಕ ಯಾರನ್ನು ಕೂರಿಸಿದರೆ ಜುಟ್ಟು ಹಿಡಿದುಕೊಳ್ಳುತ್ತಾರೆ, ಎಲ್ಲ ಬಾಯಿಪಾಠ. ಊರ ಮಕ್ಕಳಿಗೆಲ್ಲ ಜಾಗ ಕೊಟ್ಟವಳಿಗೆ ಮನೆಯ ಕಾರಿನಲ್ಲಿ ಅಂಗೈಯಗಲ ಜಾಗವಿರಲಿಲ್ಲ.

ಈ ವರ್ಷ ಭಾವನಿಗೆ ಹೊರದೇಶದ ಹುಚ್ಚು ಹಿಡಿಯಿತು. ಅರಬ್ಬರ ಕಡೆಯ ಒಂದು ದೇಶ. ಒಂದು ಮಗ್ಗುಲಿಗೆ ಮರಳು, ಇನ್ನೊಂದು ಮಗ್ಗುಲಿಗೆ ಕಡಲು. "ಬಸ್ಸು-ಗಿಸ್ಸು ಹೊಂದಿಸೋದು ನಿನಗೆ ಗೊತ್ತಲ್ಲಮ್ಮ, ಈ ಪ್ರವಾಸದ ಏರ್ಪಾಡು ನೀನೇ ಮಾಡಿಬಿಡು," ಎಂದರು ಭಾವ. ದೇವರು ಕಣ್ಣು ಬಿಟ್ಟ ಅಂದುಕೊಂಡಳು ಇವಳು.

ಊಟದ ಬಿಡುವಿನಲ್ಲಿ ಕಚೇರಿಯ ಬಾಗಿಲು ಹಾಕಿಕೊಂಡು ಕೂತಳು. ಚಳಿಗಾಲವೇ ಸರಿ, ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟರೆ ಸುಟ್ಟ ಬದನೆಕಾಯಿ. ಮೊದಲು ಕೋಟೆ, ಆಮೇಲೆ ದೋಣಿಯಲ್ಲಿ ಡಾಲ್ಫಿನ್ ನೋಡುವುದು, ಬಂಡೆಗಳ ನಡುವಿನ ತಿಳಿನೀರಿನ ಮಡುವಿನಲ್ಲಿ ಈಜು, ಆಮೆಗಳು ಮೊಟ್ಟೆಯಿಡಲು ಬರುವ ದಂಡೆ. ಎಲ್ಲಕ್ಕಿಂತ ದೊಡ್ಡದು ಮರಳುದಿಬ್ಬಗಳ ನಡುವೆ ಡೇರೆಯ ವಾಸ. ಡಾಂಬರು ರಸ್ತೆ ಮುಗಿದ ಮೇಲೆ ಅಲ್ಲಿಗೆ ಜೀಪಿನಲ್ಲೇ ಹೋಗಬೇಕು. ಉಳಿದ ತಿರುಗಾಟಕ್ಕೂ ಅದೇ ಜೀಪು, ಅದಕ್ಕೆ ಡ್ರೈವರ್ ಬಿಟ್ಟು ಆರು ಜನ.

ಆರು! ಇವಳು ಆ ಅಂಕಿಯನ್ನು ಕಲ್ಲುಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡು ಕೂತಳು.

"ಏಳು ಜನ ಅಂದ್ರಲ್ಲ ಮೇಡಂ? ಇನ್ನೊಂದು ಜೀಪು ಕಳಿಸ್ತೀವಿ, ಅದೇನು ಮಹಾ," ಎಂದ ಟ್ರಾವೆಲ್ಸ್‌ನವನು ಫೋನಿನಲ್ಲಿ.

"ಬೇಡ. ಒಂದೇ ಜೀಪು."

"ಒಬ್ಬರು ಉಳೀತಾರಲ್ಲ?"

"ಉಳೀಲಿ. ಅದಕ್ಕೇ ಮಾಡ್ತಿರೋದು," ಎಂದು ಫೋನ್ ಇಟ್ಟಳು.

ಭಾನುವಾರ ಸಂಜೆ ಎಲ್ಲರೂ ಹಜಾರದಲ್ಲಿ ಸೇರಿದರು. ಪಾಸ್‌ಪೋರ್ಟುಗಳೆಲ್ಲ ಟೀಪಾಯಿಯ ಮೇಲೆ ಬಿದ್ದಿದ್ದವು. ಇವಳು ಟಿವಿಯಲ್ಲಿ ಚಿತ್ರ ಹಾಕಿ ಒಂದೊಂದೇ ವಿವರಿಸಿದಳು. ಹುಡುಗರು ಒಂಟೆ ಕಂಡು ಕುಣಿದರು. ಓರಗಿತ್ತಿ ಮಾತ್ರ ಆಮೆಯ ದಂಡೆ ಬಂದಾಗ ಮುಂದಕ್ಕೆ ಬಗ್ಗಿ, "ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂದಳು. ಅಂದುಕೋ, ಅಂದುಕೋ, ಎಂದುಕೊಂಡಳು ಇವಳು. ಎಷ್ಟು ಮೇಲೆ ಹತ್ತುತ್ತೀಯೋ ಬಿದ್ದಾಗ ಅಷ್ಟು ನೋವು.

"ಒಂದೇ ತೊಂದರೆ," ಎಂದಳು ಕೊನೆಗೆ, ಬೇಕೆಂದೇ ದನಿ ತಗ್ಗಿಸಿ. "ಜೀಪಿನಲ್ಲಿ ಆರೇ ಜನ. ಅಕ್ಕಾ, ಈ ಸಲ ನಿಮಗೆ ಸೀಟು ಸಾಲ್ತಿಲ್ಲ."

ಓರಗಿತ್ತಿಯ ಮುಖ ನಿಧಾನವಾಗಿ ಕೆಂಪಾಯಿತು, ಕಣ್ಣು ತುಂಬಿತು. ಇಷ್ಟು ವರ್ಷ ಕನಸಿನಲ್ಲಿ ಕಂಡ ಮುಖ ಅದು. ನೋಡಿ ಇವಳ ಹೊಟ್ಟೆ ಹಾಲು ಕುಡಿದಷ್ಟು ತಂಪಾಯಿತು, ಸುಳ್ಳು ಯಾಕೆ ಹೇಳಲಿ.

ಓರಗಿತ್ತಿ ಜಗಳಕ್ಕೆ ಬರಲಿಲ್ಲ. ಸೆರಗಿನಿಂದ ಮೂಗೊರಸಿಕೊಂಡು, "ಆಗಲಿ ಕಣಮ್ಮ. ನಿನಗೂ ತಿರುಗಾಟದ ಆಸೆ ಇದೆ ಅಂತ ಗೊತ್ತಿದ್ರೆ ನಾನು ಯಾವತ್ತೋ ಉಳ್ಕೋತಿದ್ದೆ," ಎಂದಳು. "ನಿನಗೆ ಪ್ರಯಾಣ ಅಂದ್ರೆ ಆಗಲ್ಲ, ಬರಲ್ಲ ಅನ್ನೋಕೆ ಸಂಕೋಚ ಅಂತಲ್ವಾ ನಾನು ಸೀಟಿನ ನೆಪ ಹೇಳ್ತಿದ್ದಿದ್ದು."

"ಪ್ರಯಾಣ ಆಗಲ್ಲ ಅಂತ ಯಾರು ಹೇಳಿದ್ದು?"

ಓರಗಿತ್ತಿ ಮೈದುನನ ಕಡೆ ನೋಡಿದಳು. ಮೈದುನ, ಅಂದರೆ ಇವಳ ಗಂಡ, ಫ್ಯಾನು ನೋಡತೊಡಗಿದ. ತಿರುಗುತ್ತಿರಲಿಲ್ಲ ಅದು.

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು. "ದೊಡ್ಡವಳು ಪ್ರತಿ ಸಲ ಇನ್ನೊಂದು ಗಾಡಿ ಮಾಡೋಣ ಅಂತಿದ್ಲು. ನನ್ನ ನೋಡ್ಕೊಳ್ಳೋಕೆ ಆಳು ಇಡೋಣ ಅಂತಾನೂ ಅಂದ್ಲು. ಇವನೇ ಬೇಡ ಅಂದ. 'ನನ್ನ ಹೆಂಡ್ತಿ ಮನೇಲೇ ಆರಾಮಾಗಿರ್ತಾಳೆ, ಅವಳು ಬಂದ್ರೆ ನನಗೆ ರಜಾ ಅನ್ನಿಸೋದೇ ಇಲ್ಲ' ಅಂದ. ನನ್ನೆದುರಿಗೇ ಅಂದ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ! ಅಷ್ಟು ವರ್ಷದ ವಿಷವನ್ನೆಲ್ಲ ಯಾರ ಮೇಲೆ ಕಾರಿದೆ ಎಂದು ನಾಚಿಕೆಯಾಯಿತು. ಆದರೆ ವಿಷ ಮುಗಿದಿರಲಿಲ್ಲ. ಹೊಸದಾಗಿ ಊರುತ್ತಿತ್ತು.

"ಅದು ಹಾಗಲ್ಲ ಕಣೇ, ಒಳಗೆ ಬಾ, ಹೇಳ್ತೀನಿ," ಎಂದು ಗಂಡ ಎದ್ದ.

"ಇಲ್ಲೇ ಇರ್ಲಿ. ನನ್ನ ಕಿವಿಗೊಂದು, ಅಕ್ಕನ ಕಿವಿಗೊಂದು ಅಂತ ಹೇಳಿದ್ದು ಸಾಕು."

ಟೀಪಾಯಿಯಿಂದ ಗಂಡನ ಪಾಸ್‌ಪೋರ್ಟು ಹೆಕ್ಕಿ, ಅವನ ಅಂಗಿಯ ಜೇಬಿಗೆ ತುರುಕಿ, ಮೇಲೆ ಎರಡು ಸಲ ತಟ್ಟಿದಳು. "ಈಗ ಆರು ಜನ ಸರಿಹೋಯ್ತು."

"ಅಣ್ಣಾ, ನೋಡೋ ಇವಳನ್ನ!"

ಭಾವ ಮುಜುಗರದಿಂದ ಕೆಮ್ಮಿ, "ಇನ್ನೊಂದು ಜೀಪು ಸಿಗುತ್ತೇನೋ, ಕೇಳಬಹುದಲ್ಲಮ್ಮ?" ಎಂದರು.

"ಸಿಗುತ್ತೆ ಭಾವ. ಕೇಳಲ್ಲ," ಎಂದಳು. ಭಾವ ಒಂಟೆಯ ಚಿತ್ರದಲ್ಲಿ ಮುಳುಗಿದರು.

ಇವಳು ಓರಗಿತ್ತಿಯ ಪಕ್ಕ ಹೋಗಿ ಕೂತಳು. "ತಪ್ಪಾಯ್ತು ಅಕ್ಕ. ಬನ್ನಿ."

"ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳಿದೆಯಲ್ಲೇ. ಒಂದು ಸಲ ಬಾಯಿ ಬಿಟ್ಟು ಬರ್ತೀನಿ ಅಂದಿದ್ರೆ ಆಗ್ತಿರಲಿಲ್ವಾ?"

"ಬಿಗುಮಾನ, ಅಕ್ಕ. ನೀವು ಕರೀಲಿ ಅಂತ ಕಾಯ್ತಿದ್ದೆ."

ಓರಗಿತ್ತಿ ಸೆರಗು ಕೊಡವಿಕೊಂಡಳು. ಆಮೇಲೆ, "ಹಾಗಿದ್ರೆ ಜೀಪಲ್ಲಿ ಕಿಟಕಿ ಸೀಟು ನನಗೆ," ಎಂದಳು.

"ಇಲ್ಲ ಅಕ್ಕ. ಅದು ನನಗೆ."

ಇಬ್ಬರೂ ನಕ್ಕರು. ನಗು ಪೂರ್ತಿ ತಿಳಿಯಾಗಿರಲಿಲ್ಲ, ಆದರೂ ನಕ್ಕರು. ಗಂಡ ಒಬ್ಬೊಬ್ಬರ ಮುಖವನ್ನೇ ನೋಡಿದ. ಯಾರೂ ತನ್ನ ಪರ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ತಾಯಿಯ ಕುರ್ಚಿಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ನಿನ್ನ ರಾತ್ರಿ ಮಾತ್ರೆ ಯಾವುದು? ಬಿಳೀದಾ, ಹಳದೀದಾ?"

"ನನಗೆ ಗೊತ್ತು ಕಣೋ," ಎಂದರು ಅತ್ತೆ. "ಹೇಳಲ್ಲ."